ಕೈ ತೊಳೆಯುವಷ್ಟು ಹೊತ್ತು

ಹುಕ್ಕೇರಿಯ ಡಾಕ್ಟರ್ ಬಾಯಿಯವರು ಔಷಧ ಕಂಪನಿಯವರನ್ನು ಹೊರಗೆ ಹಾಕುವುದರಲ್ಲಿ ಹೆಸರಾಗಿದ್ದರು. ಟೈ ಕಟ್ಟಿಕೊಂಡು, ಚರ್ಮದ ಬ್ಯಾಗು ಹಿಡಿದು ಬೆಳಗಾವಿ ಕಡೆಯಿಂದ ಬಂದವರು ಅವರ ದವಾಖಾನೆಯ ಮೆಟ್ಟಿಲು ಹತ್ತಿದಷ್ಟೇ ಬೇಗ ಇಳಿಯುತ್ತಿದ್ದರು. ಎದುರಿನ ಚಹಾದಂಗಡಿಯವನು ಅವರು ಇಳಿಯುವುದನ್ನೇ ಕಾದಿದ್ದು, ‘ಬರ್ರಿ ಸಾಹೇಬ್ರ, ಬಿಸಿ ಚಾ ಐತಿ’ ಎಂದು ಕರೆಯುತ್ತಿದ್ದ. ಅಂಥದೇ ಕೆಲಸಕ್ಕೆ ಅರ್ಜಿ ಹಾಕಿ, ಸಂದರ್ಶನದ ಕರೆ ಬಂದಾಗ ನಾನು ಸಲಹೆ ಕೇಳಲು ಹೋದದ್ದು ಇವರ ಹತ್ತಿರ. ಧೈರ್ಯದಿಂದ ಹೋದೆನೆಂದಲ್ಲ. ನನಗೆ ಗೊತ್ತಿದ್ದ ಡಾಕ್ಟರು ಅವರೊಬ್ಬರೇ. ನಮ್ಮ ಅಕ್ಕನ ಬಾಣಂತನ ಅವರ ಕೈಯಲ್ಲಿ ಆಗಿತ್ತು.

ನಮ್ಮದು ಘೋಡಗೇರಿ. ಮನೆಯಲ್ಲಿ ಒಂದಿಷ್ಟು ಹೊಲ, ಕುರಿಹಿಂಡು. ಅಪ್ಪ ಅಣ್ಣಂದಿರನ್ನು ಕುರಿಯ ಹಿಂದೆ ಹಚ್ಚಿ, ಕಿರಿಯನಾದ ನನ್ನನ್ನು ಸಾಲಿಗೆ ಹಾಕಿದ್ದ. ನಾನು ಬೆಳಗಾವಿಯಲ್ಲಿ ಬಿ.ಎಸ್ಸಿ. ಮುಗಿಸಿ ಬಂದು ಎರಡು ಸುಗ್ಗಿ ಕಳೆದರೂ ಕೆಲಸ ಸಿಕ್ಕಿರಲಿಲ್ಲ. ಏಕೀಕರಣವಾಗಿ ನಾವು ಮುಂಬೈ ಪ್ರಾಂತ್ಯದವರು ಮೈಸೂರು ರಾಜ್ಯದವರಾಗಿದ್ದ ಹೊಸತು. ಯಾವ ಕಚೇರಿಗೆ ಅರ್ಜಿ ಹಾಕಬೇಕೆಂಬುದೇ ಯಾರಿಗೂ ತಿಳಿಯುತ್ತಿರಲಿಲ್ಲ. ಆಗ ಮುಂಬೈಯ ಔಷಧ ಕಂಪನಿಯೊಂದು ನಮ್ಮ ಭಾಗಕ್ಕೆ ಪ್ರತಿನಿಧಿ ಬೇಕೆಂದು ಪತ್ರಿಕೆಯಲ್ಲಿ ಹಾಕಿಸಿತ್ತು. ಡಾಕ್ಟರರನ್ನು ಕಂಡು ಕಂಪನಿಯ ಔಷಧದ ಗುಣ ಹೇಳಿ, ಅವರು ಅದನ್ನೇ ಬರೆದುಕೊಡುವಂತೆ ಮಾಡುವ ಕೆಲಸ. ಅಪ್ಪನಿಗೆ ಇದು ತಲೆಗೆ ಹತ್ತಲಿಲ್ಲ.

‘ಔಷಧ ಮಾರಾಕ ಬಿ.ಎಸ್ಸಿ. ಯಾಕ ಬೇಕೋ? ಸಂತ್ಯಾಗ ಬೇರು-ನಾರು ಮಾರಾವ್ರು ಯಾವ ಸಾಲಿ ಕಲತಾರ?’ ಎಂದ. ಆಮೇಲೆ ತಾನೇ, ‘ಆತು, ಹೋಗಿ ಬಾ. ಇದೂ ಆಗ್ಲಿಲ್ಲಂದ್ರ ಕೋಲು ಹಿಡಿ, ಅಣ್ಣಗೋಳ ಹಿಂದ ನಡಿ. ಮನ್ಯಾಗ ಕುಂತು ಪುಸ್ತಕ ಮೂಸೋದು ಸಾಕು’ ಎಂದು ಮುಗಿಸಿದ. ಕುರಿ ಕಾಯುವುದು ಕೀಳೆಂದು ನನಗೆ ಅನ್ನಿಸಿರಲಿಲ್ಲ. ಆದರೆ ನನಗೆ ಅದೂ ಬರುತ್ತಿರಲಿಲ್ಲ. ಹಾಸ್ಟೆಲಿನಲ್ಲಿ ಬೆಳೆದವನ ಕೂಗಿಗೆ ಒಂದು ಕುರಿಯೂ ತಿರುಗಿ ನೋಡುತ್ತಿರಲಿಲ್ಲ.

ಹೀಗೆ ಒಂದು ಆದಿತ್ಯವಾರ ಸೈಕಲ್ ತುಳಿದು ಹುಕ್ಕೇರಿಗೆ ಹೋದೆ. ಬಾಯಾರು, ಬಾಯಿಯವರನ್ನು ನಾವೆಲ್ಲ ಕರೆಯುತ್ತಿದ್ದುದು ಹಾಗೆ, ದವಾಖಾನೆಯ ಹಿಂದಿನ ಕೋಣೆಯಲ್ಲಿ ಸ್ಟೋವಿನ ಮೇಲೆ ಸೂಜಿ-ಪಿಚಕಾರಿ ಕುದಿಸುತ್ತಿದ್ದರು. ಗಿಡ್ಡ ಆಳು. ಬಿಳಿ ಸೀರೆ, ಅದೂ ನಡೆಯಲು ಅಡ್ಡಿಯಾಗದಂತೆ ಕಾಲಿನ ಹರಡಿನ ಮೇಲಕ್ಕೆ ಉಟ್ಟದ್ದು. ಎಡಗೈಯಲ್ಲಿ ಗಂಡಸರು ಕಟ್ಟುವ ದೊಡ್ಡ ಗಡಿಯಾರ. ಚಸ್ಮಾದ ಒಂದು ಕಡ್ಡಿ ಮುರಿದು ಅಲ್ಲಿಗೆ ಹೊಲಿಗೆಯ ದಾರ ಕಟ್ಟಿದ್ದರು. ಸಿಟ್ಟು ಬಂದಾಗ ಆ ದಾರವನ್ನು ಕಿವಿಯ ಹಿಂದೆ ಬಿಗಿ ಮಾಡಿಕೊಳ್ಳುತ್ತಿದ್ದರು. ಅದು ಕಂಡರೆ ದವಾಖಾನೆಯ ಕೆಲಸದ ಆಯಾ ಆ ಕೋಣೆ ಬಿಟ್ಟು ಈ ಕೋಣೆಗೆ ಬರುತ್ತಿದ್ದಳು.

ನಾನು ವಿಷಯ ಹೇಳಿದೆ. ದಾರ ಬಿಗಿಯಾಯಿತು.

‘ಊರಾಗ ಮತ್ತ್ಯಾವ ಕೆಲಸಾನೂ ಸಿಗಲಿಲ್ಲೇನು ನಿನಗ? ಅವರನ್ನ ನಾ ಏನ್ ಮಾಡತೇನಿ ಗೊತ್ತೈತಿಲ್ಲೋ?’

‘ಗೊತ್ತೈತ್ರಿ ಬಾಯಾರ. ಹೊರಗ ಹಾಕತೀರಿ.’

‘ಗೊತ್ತಿದ್ದೂ ಬಂದೀ?’

‘ಹೊರಗ ಹಾಕಿಸಿಕೊಳ್ಳದಂಗ ಹ್ಯಾಂಗ ಇರಬೇಕು ಅಂತ ಕೇಳಾಕ ಬಂದೇನ್ರಿ.’

ಅವರು ಸ್ಟೋವು ಆರಿಸಿದರು. ನಗು ಬಂದಿತ್ತೋ ಏನೋ, ಆ ಕಡೆ ತಿರುಗಿದ್ದರಿಂದ ನನಗೆ ಕಾಣಲಿಲ್ಲ. ‘ಹೊರಗ ಹೋಗು. ಬಾಗಲದಾಗಿಂದ ಮತ್ತ ಬಾ. ನೀ ಕಂಪನಿ ಮನಷ್ಯಾ, ನಾ ಡಾಕ್ಟರು’ ಎಂದರು.

ನಾನು ಹೊರಗೆ ಹೋಗಿ ಬಂದೆ. ಕಾಲೇಜಿನ ಮಿತ್ರನೊಬ್ಬನಿಂದ ಸಂಪಾದಿಸಿ ಬಾಯಿಪಾಠ ಮಾಡಿದ್ದ, ಕಂಪನಿಯ ಒಂದು ಟಾನಿಕ್ಕಿನ ಇಂಗ್ಲಿಷ್ ವರ್ಣನೆಯನ್ನು ಮೇಜು ನೋಡುತ್ತ ಒದರಿದೆ. ಅವರು ಕೈಯೆತ್ತಿ ತಡೆದರು. ‘ಮತ್ತ ಹೊರಗ ಹೋಗು.’ ಆ ಮಧ್ಯಾಹ್ನ ಎಷ್ಟು ಸಲ ಒಳಗೆ ಹೋಗಿ ಹೊರಗೆ ಬಂದೆನೋ, ಚಹಾದಂಗಡಿಯವನು ತನ್ನ ಮನೆಯವರನ್ನೂ ಕರೆದು ತೋರಿಸಿದ.

‘ಮೇಜ ಯಾಕ ನೋಡತಿ? ಮೇಜ ಔಷಧ ಬರೀತೈತೇನು? ನನ್ನ ಮಾರಿ ನೋಡು. ದಣದೇನೋ, ಹಸದೇನೋ, ಸಿಟ್ಟಿನಾಗದೇನೋ ಮಾರಿ ಮ್ಯಾಲೇ ಇರತೈತಿ. ಅದನ್ನ ನೋಡಿ ಆಮ್ಯಾಲ ಬಾಯಿ ತಗಿ’ ಎಂದರು. ಇದು ಅವರ ಮೊದಲ ಪಾಠ.

ಎರಡನೆಯದು ಅದಕ್ಕಿಂತ ಕಠಿಣ. ಮೂಲೆಯಲ್ಲಿ ಒಂದು ಸ್ಟ್ಯಾಂಡಿನ ಮೇಲೆ ಬಿಳಿ ಬೋಗುಣಿ, ಪಕ್ಕದಲ್ಲಿ ಕೆಂಪು ಸಾಬೂನು ಇರುತ್ತಿತ್ತು. ಒಬ್ಬ ಪೇಶಂಟನ್ನು ನೋಡಿ ಇನ್ನೊಬ್ಬರನ್ನು ಕರೆಯುವ ಮುಂಚೆ ಅವರು ಅಲ್ಲಿ ಕೈ ತೊಳೆಯುತ್ತಿದ್ದರು. ‘ನಾ ಕೈ ತೊಳಕೊಳ್ಳೋದ್ರೊಳಗ ನಿಂದು ಹೇಳಿ ಮುಗಸು. ಅಷ್ಟ ಹೊತ್ತು ನಂದು. ಅದರ ಮುಂದಿಂದು ಹೊರಗ ಕುಂತ ಮಂದೀದು. ಅವರದ್ದನ್ನ ನಿನಗ ಕೊಡಾಕ ನಾ ಯಾರು?’ ನಾನು ಹೇಳಲು ಶುರುಮಾಡುತ್ತಿದ್ದೆ. ಕಂಪನಿಯ ಹೆಸರು, ಅದರ ಹೆಗ್ಗಳಿಕೆ, ಔಷಧದ ಹೆಸರು ಬರುವಷ್ಟರಲ್ಲಿ ಅವರು ಟವೆಲ್ಲಿಗೆ ಕೈ ಒರೆಸಿ ‘ಮುಂದಿನವ್ರು ಬರ್ರಿ’ ಎಂದು ಖಾಲಿ ಕೋಣೆಗೆ ಕೂಗುತ್ತಿದ್ದರು. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಒಂದೊಂದು ಮಾತು ಕಿತ್ತು ಹಾಕುತ್ತ ಹೋಗುತ್ತಿದ್ದೆ. ಮುಂದಿನ ಆದಿತ್ಯವಾರ ಉಳಿದದ್ದು ಇಷ್ಟೇ: ಯಾರಿಗೆ ಕೊಡಬೇಕು, ಎಷ್ಟು ಕೊಡಬೇಕು, ಯಾರಿಗೆ ಕೊಡಬಾರದು.

‘ಈಗ ಒಂದೀಟು ಮನಷ್ಯಾನಂಗ ಮಾತಾಡಾಕತ್ತಿ’ ಎಂದರು.

ನನ್ನ ಇಂಗ್ಲಿಷಿನ ಬಗ್ಗೆ ನನಗೆ ದೊಡ್ಡ ಅಂಜಿಕೆ. ಅವರು ಅದನ್ನು ಒಂದು ಮಾತಿನಲ್ಲಿ ಇಳಿಸಿದರು. ‘ಇಂಗ್ಲಿಷ್ ನಿಂದಲ್ಲ, ನಂದೂ ಅಲ್ಲ. ಬಾಡಗಿ ಮನಿ ಇದ್ದಂಗ ಅದು. ಗೋಡಿಗೆ ಮೊಳಿ ಹೊಡೀಬ್ಯಾಡ, ಸ್ವಚ್ಛ ಇಟಗೊಂಡು ಇದ್ದು ಬಾ. ಸಣ್ಣ ಸಣ್ಣ ಮಾತು ಆಡು. ತಿಳೀಲಿಲ್ಲಂದ್ರ ತಿಳೀಲಿಲ್ಲ ಅನ್ನು.’

ಇಷ್ಟೆಲ್ಲ ನನಗಾಗಿ ಯಾಕೆ ಮಾಡುತ್ತಾರೆಂದು ನಾನು ಕೇಳಲಿಲ್ಲ. ಒಂದು ದಿನ ಅವರೇ, ಪಿಚಕಾರಿ ಒರೆಸುತ್ತ, ಬೇರೆ ಯಾರದೋ ಸುದ್ದಿಯಂತೆ ಹೇಳಿದರು. ಡಾಕ್ಟರಿಕೆ ಮುಗಿಸಿದ ಹೊಸತರಲ್ಲಿ ಪುಣೆಯ ಒಂದು ದೊಡ್ಡ ಆಸ್ಪತ್ರೆಯ ಸಂದರ್ಶನಕ್ಕೆ ಹೋಗಿದ್ದರಂತೆ. ಮೇಜಿನ ಆ ಕಡೆ ಕೂತವರು ವೈದ್ಯದ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮದುವೆ ಯಾವಾಗ, ಮದುವೆಯಾದರೆ ಕೆಲಸ ಬಿಡುತ್ತೀರೋ, ಆಗದಿದ್ದರೆ ಯಾಕೆ ಆಗುವುದಿಲ್ಲ ಎಂದಷ್ಟೇ ಕೇಳಿದರು.

‘ಹಗಲೂ ರಾತ್ರಿ ಓದಿಕೊಂಡು ಹೋಗಿದ್ದೆ. ಅವರು ಕೇಳೋದು ಇದು. ಸಿಟ್ಟು ಬಂತು. ನೀವು ಮದಿವಿ ಆದ ಮ್ಯಾಲ ಕೆಲಸ ಬಿಟ್ಟೀರೇನ್ರಿ ಅಂದೆ. ಎದ್ದು ಬಂದೆ.’ ಪಿಚಕಾರಿಯನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟರು. ‘ಅಂದದ್ದು ಖರೆ ಐತಿ. ಈಗಾದ್ರೂ ಅದನ್ನ ಅಂತೇನಿ. ಆದ್ರ ಹೊರಗ ಬಂದು ನಿಂತಾಗ ಜೋಡಿ ಯಾರೂ ಇರಲಿಲ್ಲ. ಹಿಂಗ ಕೇಳತಾರ ಅಂತ ಮೊದಲ ಯಾರರ ಹೇಳಿದ್ರ ಚಲೋ ಇತ್ತು ಅನಿಸ್ತು.’

ಆಮೇಲೆ ಆ ವಿಷಯ ಅವರು ಎತ್ತಲಿಲ್ಲ. ಸಿಟ್ಟಿನವರು ಎಂದು ಊರೆಲ್ಲ ಹೇಳುತ್ತಿದ್ದ ಈ ಹೆಂಗಸು ಎಂಥ ಸಿಟ್ಟನ್ನು ನುಂಗಿಕೊಂಡು ಹುಕ್ಕೇರಿಗೆ ಬಂದಿದ್ದರು ಎಂಬುದು ನನಗೆ ಆಗ ಸ್ವಲ್ಪ ತಿಳಿಯಿತು. ಹುಟ್ಟಿದ ಕೂಸನ್ನು ಕೈಗೆ ತಗೊಂಡ ಕೂಡಲೇ ಅವರು ‘ಬಾರಪ್ಪಾ, ಎಷ್ಟ ತಡಾ ಮಾಡಿದಿ’ ಎಂದು ಗದರಿಸುತ್ತಿದ್ದರೆಂದು ಅಕ್ಕ ಹೇಳಿ ನಗುತ್ತಿದ್ದಳು. ಅವರ ಗದರಿಕೆಯೆಲ್ಲ ಆ ಜಾತಿಯದೇ.

ಸಂದರ್ಶನದ ಹಿಂದಿನ ಆದಿತ್ಯವಾರ ಪಾಠ ನಡೆದಿರುವಾಗಲೇ ಹತ್ತರಗಿ ಕಡೆಯಿಂದ ಒಂದು ಚಕ್ಕಡಿ ಬಂತು. ಚೊಚ್ಚಲ ಬಸುರಿ. ನೋವು ಶುರುವಾಗಿ ಬಹಳ ಹೊತ್ತಾಗಿತ್ತು. ಮನೆಯವರು ತಮಗೆ ತಿಳಿದದ್ದೆಲ್ಲ ಮಾಡಿ ನೋಡಿ, ಕೊನೆಗೆ ಕರೆತಂದಿದ್ದರು. ನಾನೂ ಚಕ್ಕಡಿ ಹೊಡೆದುಕೊಂಡು ಬಂದವನೂ ಸೇರಿ ಆಕೆಯನ್ನು ಕೌದಿ ಸಮೇತ ಎತ್ತಿ ಒಳಗೆ ಮಲಗಿಸಿದೆವು. ಬಾಗಿಲು ಮುಚ್ಚಿತು. ಆಯಾ ಬಿಸಿನೀರು ಕೇಳಿದಾಗಲೆಲ್ಲ ನಾನು ಕಾಯಿಸಿ ಕೊಟ್ಟೆ. ಹೊರಗೆ ಆ ಹುಡುಗಿಯ ಗಂಡ ಬೇವಿನ ಗಿಡಕ್ಕೆ ಹಣೆ ಒತ್ತಿ ನಿಂತಿದ್ದ.

ತಾಯಿ ಉಳಿದಳು. ಕೂಸು ಉಳಿಯಲಿಲ್ಲ.

ಸಂಜೆಯ ಬಿಸಿಲು ಇಳಿಯುವಾಗ ಬಾಯಾರು ಹಿತ್ತಿಲ ಮೆಟ್ಟಿಲ ಮೇಲೆ ಬಂದು ಕೂತರು. ಕೈ ಒರೆಸಿಕೊಂಡಿರಲಿಲ್ಲ; ನೀರು ಮೊಣಕೈಯಿಂದ ಸೀರೆಗೆ ಇಳಿಯುತ್ತಿತ್ತು. ಚಸ್ಮಾ ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದರು. ನಾನು ದೂರ ನಿಂತೆ. ಮನೆಗೆ ಹೊರಡಬೇಕೆಂದು ಸೈಕಲ್ಲಿಗೆ ಕೈ ಹಾಕಿದಾಗ ಕರೆದರು.

‘ಬೀರಪ್ಪಾ, ಇಲ್ಲಿ ಕುಂಡ್ರು. ಆ ನಿನ್ನ ಟಾನಿಕಿಂದು ಹೇಳು.’

‘ಈಗ್ಯಾಕ್ರಿ ಬಾಯಾರ?’

‘ಹೇಳು. ಮೊದಲಿನ ಉದ್ದಂದ ಹೇಳು. ಇಂಗ್ಲಿಷಿನಾಗ.’

ನಾನು ಕೆಳಗಿನ ಮೆಟ್ಟಿಲ ಮೇಲೆ ಕೂತು ಹೇಳಿದೆ. ಕಂಪನಿಯ ಹೆಗ್ಗಳಿಕೆ, ಔಷಧದ ಹೆಸರು, ಅದರಲ್ಲಿ ಕಬ್ಬಿಣದ ಅಂಶ ಎಷ್ಟು, ಅದು ರಕ್ತವನ್ನು ಹೇಗೆ ವೃದ್ಧಿಸುತ್ತದೆ, ಬಸುರಿಯರಿಗೂ ಬಾಣಂತಿಯರಿಗೂ ಎಂಥ ಚೈತನ್ಯ ಕೊಡುತ್ತದೆ ಎಂಬುದನ್ನೆಲ್ಲ, ಅವರೇ ಒಂದೊಂದಾಗಿ ಕಿತ್ತು ಹಾಕಿಸಿದ್ದ ಮಾತುಗಳನ್ನೆಲ್ಲ, ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಅವರು ಬೇಲಿಯ ಆಚೆ ನೋಡುತ್ತ ಕೇಳಿದರು. ಕಣ್ಣಿಂದ ನೀರು ಇಳಿಯುತ್ತಿತ್ತು. ಅದನ್ನು ಒರೆಸಿಕೊಳ್ಳುವ ಗೊಡವೆಗೂ ಹೋಗಲಿಲ್ಲ. ನಾನು ಮುಗಿಸಿದ ಮೇಲೆ, ‘ಎಲ್ಲಾ ಸುಳ್ಳ. ಆದ್ರ ಚಲೋ ಹೇಳಿದಿ’ ಎಂದು ಎದ್ದು ಒಳಗೆ, ಆ ತಾಯಿಯ ಹತ್ತಿರ ಹೋದರು. ಅವರು ನನ್ನ ಆ ಉದ್ದನೆಯ ಮಾತನ್ನು ಪೂರ್ತಿ ಕೇಳಿದ್ದು ಅದೊಂದೇ ಸಲ.

ಸಂದರ್ಶನ ಗೋಕಾಕದ ಪ್ರವಾಸಿ ಬಂಗಲೆಯಲ್ಲಿ ಇತ್ತು. ಬಾಯಾರನ್ನು ಕಂಡೇ ಹೋಗಬೇಕೆಂದು ಹಿಂದಿನ ದಿನವೇ ಹುಕ್ಕೇರಿಗೆ ಬಂದು ಪರಿಚಯದವರಲ್ಲಿ ಉಳಿದಿದ್ದೆ. ಬೆಳಿಗ್ಗೆ ಬಾಯಾರು ತಮ್ಮನ ಹಳೆಯ ಟೈ ಒಂದನ್ನು ಟ್ರಂಕಿನಿಂದ ತೆಗೆದು, ನನ್ನನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ ತಾವೇ ಕಟ್ಟಿದರು. ಟೈ ಕಟ್ಟುವುದು ಅವರಿಗೂ ಗೊತ್ತಿರಲಿಲ್ಲ. ಹೊಲಿಗೆ ಹಾಕಿದ ಮೇಲೆ ಹಾಕುವ ಗಂಟು ಮಾತ್ರ ಗೊತ್ತಿತ್ತು; ಅದನ್ನೇ ಹಾಕಿದರು. ‘ಬಿಚ್ಚೋದಿಲ್ಲ ಬಿಡು’ ಎಂದು ಎದೆಯ ಮೇಲೆ ಒಂದು ತಟ್ಟಿ ಕಳಿಸಿದರು.

ಬಂಗಲೆಯ ವರಾಂಡದಲ್ಲಿ ಸೂಟು ಹಾಕಿದ ಹುಡುಗರು ಕೂತಿದ್ದರು. ಅವರ ಇಂಗ್ಲಿಷ್ ಕೇಳುತ್ತ ನಾನು ಟೈಯ ಗಂಟನ್ನು ಮುಟ್ಟಿ ನೋಡಿಕೊಂಡೆ. ನನ್ನ ಸರದಿ ಬಂದು ಒಳಗೆ ಹೋದೆ. ಮುಂಬೈಯಿಂದ ಬಂದಿದ್ದ ಮ್ಯಾನೇಜರ್ ಸಾಹೇಬರು ನಡುವಯಸ್ಸಿನವರು. ಒಂದು ಬಾಟಲಿ ನನ್ನ ಕಡೆ ಸರಿಸಿ, ‘ನಾನು ಡಾಕ್ಟರ್. ಇದರ ಬಗ್ಗೆ ಹೇಳು’ ಎಂದು ಇಂಗ್ಲಿಷಿನಲ್ಲಿ ಹೇಳಿ, ತಲೆ ಬಗ್ಗಿಸಿ ಕಾಗದ ಓದತೊಡಗಿದರು. ನಾನು ಅವರ ಮುಖ ನೋಡಿದೆ. ಹಣೆ ಗಂಟಿಕ್ಕಿತ್ತು, ಮನಸ್ಸು ಕಾಗದದಲ್ಲಿತ್ತು. ಸುಮ್ಮನೆ ನಿಂತೆ. ಬಹಳ ಹೊತ್ತಾಯಿತೆಂದು ತೋರಿತು. ಕೊನೆಗೆ ಅವರು ತಲೆಯೆತ್ತಿದರು.

‘ಯಾಕೆ ಮಾತಾಡುತ್ತಿಲ್ಲ?’

‘ತಾವು ಓದುತ್ತಿದ್ದೀರಿ. ಮುಗಿಯಲಿ ಅಂತ.’

‘ಮುಗಿಯದೇ ಹೋದರೆ?’

‘ನಾಳೆ ಬರುತ್ತೇನೆ.’

ಅವರು ಕಾಗದ ಬದಿಗಿಟ್ಟರು. ನಾನು ಹೇಳಬೇಕಾದ್ದನ್ನು ಸಣ್ಣ ಸಣ್ಣ ಮಾತಿನಲ್ಲಿ ಹೇಳಿದೆ. ಯಾರಿಗೆ ಕೊಡಬಾರದು ಎಂಬುದನ್ನೂ ಸೇರಿಸಿದೆ. ‘ನಿನ್ನ ಔಷಧ ಪ್ರಯೋಜನವಿಲ್ಲ ಎಂದು ಡಾಕ್ಟರ್ ಹೇಳಿದರೆ?’ ಎಂದು ಕೇಳಿದರು. ನಾನು ಇಂಗ್ಲಿಷಿನಲ್ಲೇ, ‘ಅವಳಿಗೆ ಯಾವುದು ಪ್ರಯೋಜನಕ್ಕೆ ಬಂದಿದೆ ಎಂದು ಕೇಳಿಕೊಂಡು ಬರುತ್ತೇನೆ’ ಎಂದೆ.

‘ಅವಳಿಗೆ? ಅವನಿಗೆ ಅಲ್ಲವೆ?’

ನನ್ನ ಬಾಡಿಗೆ ಮನೆಯ ಗೋಡೆಗೆ ಮೊಳೆ ಬಿತ್ತೆಂದುಕೊಂಡೆ. ಆದರೆ ಅದು ವ್ಯಾಕರಣದ ತಪ್ಪಾಗಿರಲಿಲ್ಲ. ‘ನನಗೆ ಗೊತ್ತಿರುವ ಡಾಕ್ಟರು ಹೆಂಗಸು, ಸರ್’ ಎಂದೆ. ಅವರು ಮುಗುಳ್ನಕ್ಕು, ಇನ್ನೆರಡು ಪ್ರಶ್ನೆ ಕೇಳಿ ಕಳಿಸಿದರು.

ಟೈ ನಿಜವಾಗಿಯೂ ಬಿಚ್ಚಲಿಲ್ಲ. ಬಸ್ಸಿನಲ್ಲಿ ಬೆವರಿಗೆ ಇನ್ನಷ್ಟು ಬಿಗಿಯಿತು. ಕೊರಳಲ್ಲಿ ಅದನ್ನು ಹಾಕಿಕೊಂಡೇ ಊರಿಗೆ ಹೋದೆ. ಅಪ್ಪ ಅಂಗಳದಲ್ಲಿ ಕಂಬಳಿ ಒಣಹಾಕುತ್ತಿದ್ದ. ಹತ್ತಿರ ಬಂದು ಗಂಟನ್ನು ಹಿಡಿದು ನೋಡಿ, ‘ಯಾರ ಹಾಕಿದ್ರಿದನ್ನ?’ ಎಂದ. ‘ಬಾಯಾರು’ ಎಂದೆ. ‘ಭಾಳ ಗಟ್ಟಿ ಹೆಣಮಗಳು’ ಎನ್ನುತ್ತ ಉಗುರಿನಿಂದ ಎಳೆ ಎಳೆ ಸಡಿಲಿಸಿ ಬಿಚ್ಚಿಕೊಟ್ಟ. ಕೆಲಸ ಸಿಕ್ಕ ಸುದ್ದಿ ಬಂದಾಗ ಅದೇ ಅಪ್ಪ ಗಿಂಡಿಯಷ್ಟು ಬೆಣ್ಣೆ ಕಟ್ಟಿಸಿಕೊಂಡು ಹುಕ್ಕೇರಿಗೆ ನಡೆದುಹೋಗಿ ಬಾಯಾರಿಗೆ ಕೊಟ್ಟು ಬಂದ.

ಕೆಲಸಕ್ಕೆ ಸೇರಿದ ಮೇಲೆ ಬಾಯಾರ ದವಾಖಾನೆ ನನಗೆ ಸಲೀಸು ಎಂದುಕೊಂಡಿದ್ದೆ. ಮೊದಲ ಸಲ ಬ್ಯಾಗು ಹಿಡಿದು ಹೋದಾಗ ಅವರು ನನ್ನನ್ನು ನೋಡಿಯೂ ನೋಡದಂತೆ ಮಾಡಿ ಎಲ್ಲರ ಕೊನೆಗೆ ಕರೆದರು. ಬೋಗುಣಿಯ ಹತ್ತಿರ ಹೋದರು. ನಾನು ಹೇಳಿದೆ. ‘ಬ್ಯಾಡ’ ಎಂದು ಕೈ ಒರೆಸಿಕೊಂಡರು. ಆಮೇಲೆ ವರ್ಷಗಟ್ಟಲೆ ಹೋದೆ. ನಮ್ಮ ಟಾನಿಕ್ಕನ್ನು ಅವರು ಒಮ್ಮೆಯೂ ಬರೆಯಲಿಲ್ಲ. ಕೆಲಸ ಮುಗಿದ ಮೇಲೆ ಮಾತ್ರ, ‘ಊಟಾ ಮಾಡಿಯೇನು?’ ಎಂದು ಕೇಳಿ ರೊಟ್ಟಿ ಹಾಕಿಸುತ್ತಿದ್ದರು.

ಸೇರಿದ ಮೊದಲ ವರ್ಷದ ಮಾತು, ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಮ್ಯಾನೇಜರ್ ಸಾಹೇಬರು ಕೆಲಸ ನೋಡಲು ಬಂದರು. ‘ಆ ನಿನ್ನ ಡಾಕ್ಟರಮ್ಮನನ್ನು ತೋರಿಸು’ ಎಂದರು. ಹುಕ್ಕೇರಿಗೆ ಕರೆದೊಯ್ದೆ. ಒಳಗೆ ಒಬ್ಬ ಮುದುಕಿ ತನ್ನ ಕಷ್ಟ ಹೇಳಿಕೊಳ್ಳುತ್ತಿದ್ದಳು. ನಾನು ಹೊಸ್ತಿಲಲ್ಲೇ ನಿಂತೆ. ಸಾಹೇಬರು ಸೀದಾ ಒಳಗೆ ಹೋಗಿ, ಕೈ ಮುಗಿದು, ಕೆಮ್ಮಿನ ಔಷಧದ ಬಗ್ಗೆ ಹೇಳಲು ಶುರುಮಾಡಿದರು. ಬಾಯಾರು ಸಾಹೇಬರನ್ನು ನೋಡಲೇ ಇಲ್ಲ. ದಾರ ಬಿಗಿಮಾಡಿಕೊಂಡು ನನ್ನ ಕಡೆ ತಿರುಗಿದರು.

‘ಬೀರ್ಯಾ, ನಿನಗ ಎಷ್ಟ ಸಲ ಹೇಳೇನಿ, ಒಳಗ ಪೇಶಂಟ್ ಇದ್ದಾಗ ಬರಬಾರದಂತ? ನೀ ಹೊರಗ ನಿಂತು ಇವರನ್ನ ಒಳಗ ಬಿಟ್ಟಿಯೇನು? ಶಾಣ್ಯಾ ಆದಿ. ನಡೀರಿ ಇಬ್ರೂ.’

ಇಳಿದೆವು. ಚಹಾದಂಗಡಿಯವನು ಎಂದಿನಂತೆ ಕರೆದ. ಸಾಹೇಬರು ಬೆಂಚಿನ ಮೇಲೆ ಕೂತರು. ನನಗೆ ಕಣ್ಣ ಮುಂದೆ ಅಪ್ಪನ ಕೋಲು ಕಾಣಿಸುತ್ತಿತ್ತು. ಆಮೇಲೆ ಅವರು, ಆಕೆ ಹೇಳಿದ್ದೇನು ಎಂದು ಕೇಳಿದರು. ಒಂದು ಮಾತೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ.

‘ಬೀರ್ಯಾ ಅಂದರೆ ಯಾರು?’

‘ನಾನೇ ಸರ್. ಮನೆಯಲ್ಲಿ ಹಾಗೆ ಕರೆಯುತ್ತಾರೆ.’

ಅವರು ಬಸಿಯಲ್ಲಿ ಚಹಾ ಸುರಿದುಕೊಂಡರು. ‘ಮುಂಬೈಯಲ್ಲಿ ಎಲ್ಲ ಡಾಕ್ಟರೂ ನನಗೆ ಕುರ್ಚಿ ಕೊಡುತ್ತಾರೆ. ಹೊರಗೆ ಬಂದ ಮೇಲೆ ಒಬ್ಬರಿಗೂ ನನ್ನ ಹೆಸರು ನೆನಪಿರುವುದಿಲ್ಲ. ನಿನ್ನನ್ನು ಮನೆಯ ಹೆಸರಿನಿಂದ ಬೈಯುವ ಡಾಕ್ಟರಿದ್ದಾರೆ. ನಿನ್ನ ಕೆಲಸದ ಬಗ್ಗೆ ನಾನು ಇನ್ನೇನು ನೋಡಬೇಕು?’ ಎಂದರು. ನನ್ನ ನೌಕರಿ ಕಾಯಂ ಆಯಿತು. ಇದನ್ನು ಮುಂದಿನ ಸಲ ಬಾಯಾರಿಗೆ ಹೇಳಿದಾಗ, ‘ಆ ಮನಷ್ಯಾ ಶಾಣ್ಯಾ ಇದ್ದಾನ. ಆದ್ರೂ ಒಳಗ ಬರಬಾರದಾಗಿತ್ತು’ ಎಂದರು.

ಕೆಲ ವರ್ಷಗಳ ಮೇಲೆ ಅವರ ಕಣ್ಣು ಮಂದವಾಯಿತು. ‘ಹೊಲಿಗಿ ಕಾಣದಾಕಿ ದವಾಖಾನಿ ನಡಸಬಾರದು’ ಎಂದು ಒಂದು ಮುಂಜಾನೆ ಬಾಗಿಲಿಗೆ ಕೀಲಿ ಹಾಕಿ, ಮಿರಜದಲ್ಲಿದ್ದ ತಮ್ಮನ ಮನೆಗೆ ಹೊರಟರು. ಊರವರು ಹಾರ ತಂದಿದ್ದರು, ಹಾಕಿಸಿಕೊಳ್ಳಲಿಲ್ಲ. ನಾನು ಒಮ್ಮೆ ಮಿರಜಕ್ಕೆ ಹೋಗಿ ಕಂಡೆ. ಕಿಟಕಿಯ ಹತ್ತಿರ ಕೂತಿದ್ದರು. ದನಿಯಿಂದಲೇ ಗುರುತಿಸಿ, ‘ಬ್ಯಾಗ್ ತಂದಿಯೇನು? ತಂದಿದ್ರ ಹೊರಗಿಡು’ ಎಂದರು. ಅಲ್ಲಿನ ಡಾಕ್ಟರು ತಮ್ಮ ಮಾತು ಕೇಳುವುದಿಲ್ಲವೆಂದು ದೂರು ಹೇಳಿದರು. ಹತ್ತರಗಿಯ ಆ ಹುಡುಗಿಗೆ ಆಮೇಲೆ ಮಕ್ಕಳಾದವೇ ಎಂದು ಕೇಳಿದರು. ಎರಡು ಎಂದೆ. ಬಹಳ ಹೊತ್ತು ನನ್ನ ಕೈ ಹಿಡಿದುಕೊಂಡಿದ್ದರು.

ಅವರು ಹೋದ ಸುದ್ದಿ ನನಗೆ ತಿಳಿದದ್ದು ಮೂಡಲಗಿಯಲ್ಲಿ. ಅಲ್ಲಿನ ಡಾಕ್ಟರ ಸರದಿಗೆ ಕಾದು ಒಳಗೆ ಹೋದಾಗ ಅವರು, ‘ನಿಮ್ಮ ಹುಕ್ಕೇರಿ ಬಾಯಾರು ತೀರಿಕೊಂಡ್ರಂತ, ಮಿರಜದಿಂದ ಬಂದವರು ಹೇಳಿದ್ರು’ ಎಂದರು. ನಾನು ಬ್ಯಾಗು ತೆರೆದಿದ್ದೆ. ಡಾಕ್ಟರು ತಾವೇ ಬ್ಯಾಗು ಮುಚ್ಚಿ, ‘ಹೊರಗ ಕುಂಡ್ರಿ ತುಸು’ ಎಂದರು.

ಹೊರಗಿನ ಬೆಂಚಿನ ಮೇಲೆ ಸರದಿಗೆ ಕಾದ ಹೆಣ್ಣುಮಗಳೊಬ್ಬಳು ಸರಿದು ಜಾಗ ಮಾಡಿಕೊಟ್ಟಳು. ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ‘ಏನಾತ್ರಿ ಅಣ್ಣಾರ? ಡಾಕ್ಟರ್ ಏನರ ಕೆಟ್ಟದ್ದ ಹೇಳಿದ್ರೇನು?’ ಎಂದಳು.

‘ನನ್ನ ಜಡ್ಡಿಂದಲ್ಲವ್ವಾ. ಹುಕ್ಕೇರ್ಯಾಗ ಡಾಕ್ಟರ್ ಬಾಯಾರು ಇದ್ರಲ್ಲ, ಅವರು ತೀರಿಕೊಂಡ್ರಂತ.’

‘ಬೆಳ್ಳನ ಸೀರಿ ಉಡತಿದ್ರು, ಅವರ?’

‘ಹೂಂ.’

ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ತನ್ನ ತವರು ಯಮಕನಮರಡಿ, ಚೊಚ್ಚಲ ಹೆರಿಗೆಗೆ ಅವರ ಹತ್ತಿರವೇ ಹೋಗಿದ್ದೆ ಎಂದಳು. ಆಮೇಲೆ ಎದ್ದು ನಿಂತು, ಅಂಗಳದಲ್ಲಿ ಬೇರೆ ಮಕ್ಕಳ ಸಂಗಡ ಮಣ್ಣಿನಲ್ಲಿ ಆಡುತ್ತಿದ್ದ ಮಗಳನ್ನು ಹೆಸರು ಹಿಡಿದು ಕೂಗಿದಳು.

ಅದು ಬಾಯಾರ ಹೆಸರು. ದವಾಖಾನೆಯ ಹಲಗೆಯ ಮೇಲೆ ನಾನು ಅದನ್ನು ಓದಿದ್ದೆ, ಅಷ್ಟೆ. ಅಷ್ಟು ವರ್ಷಗಳಲ್ಲಿ ಯಾರೂ ಅವರನ್ನು ಆ ಹೆಸರಿನಿಂದ ಕರೆದದ್ದನ್ನು ಕೇಳಿರಲಿಲ್ಲ. ಹುಡುಗಿ ಮೊದಲ ಕೂಗಿಗೆ ಬರಲಿಲ್ಲ. ತಾಯಿ ಇನ್ನೊಮ್ಮೆ, ಗದರಿಸಿ ಕೂಗಿದಳು. ಹುಡುಗಿ ಆಟ ಕೆಟ್ಟಿತೆಂದು ಮುಖ ಊದಿಸಿಕೊಂಡು ಬಂದು ನಮ್ಮೆದುರು ನಿಂತಳು. ಲಂಗದ ತುಂಬ ಮಣ್ಣು. ನನ್ನನ್ನು ನೋಡಿ, ‘ಈ ಕಾಕಾ ಯಾಕ ಅಳಾಕತ್ತಾರ?’ ಎಂದು ತಾಯಿಯನ್ನು ಕೇಳಿದಳು.

‘ನಿನ್ನ ಹೆಸರೇನವ್ವಾ?’ ಎಂದು ನಾನು ಕೇಳಿದೆ.

ಅವಳು ಸಾಲಿಯಲ್ಲಿ ಮಾಸ್ತರರಿಗೆ ಹೇಳುವಂತೆ ನೆಟ್ಟಗೆ ನಿಂತು, ಗಟ್ಟಿಯಾಗಿ ಹೇಳಿದಳು.